ಬದುಕಿದ್ದವನಿಗೆ ಇಟ್ಟ ಎಡೆ

"ಹೊಸಿಲು ದಾಟ್ಬ್ಯಾಡಿ!"

ಸುಮನಾ ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು.

ಮಟಮಟ ಮಧ್ಯಾಹ್ನ. ಕೈಲಾಂಚ ದಾಟಿ, ಊರೆಲ್ಲ ಮುಗಿದ ಮೇಲೆ ಮಣ್ಣು ದಾರಿಯಲ್ಲಿ ಸ್ಕೂಟರ್ ಓಡಿಸಿಕೊಂಡು ಈ ತೋಟದ ಮನೆಗೆ ಬಂದಿದ್ದಳು. ಮುಂಬಾಗಿಲಲ್ಲಿ ಕೂಗಿದರೆ ಓಗೊಡುವವರಿಲ್ಲ. ಕಟ್ಟಿ ಹಾಕಿದ್ದ ನಾಯಿ ತಲೆ ಎತ್ತಿ ನೋಡಿತೇ ಹೊರತು ಬೊಗಳಲಿಲ್ಲ. ಕೈಯಲ್ಲಿ ರೇಷ್ಮೆಯ ಎಳೆ ಹುಳುಗಳ ತಟ್ಟೆ. ಬಿಸಿಲಿಗೆ ಬಾಡಿದರೆ ರೈತನ ಇಡೀ ಬೆಳೆ ಹಾಳು. ಅದಕ್ಕೇ ಹಿತ್ತಲಿನ ಹುಳು ಮನೆಯ ಬಾಗಿಲನ್ನು ತಾನೇ ತಳ್ಳಿದ್ದಳು.

ಒಳಗೆ ಕತ್ತಲು, ಒದ್ದೆ ಗೋಣಿತಾಟಿನ ತಂಪು. ಆ ಕತ್ತಲೊಳಗಿಂದ ಗಂಡಸಿನ ದನಿ!

"ಯಾ... ಯಾರು?"

"ಮೊದ್ಲು ಚಪ್ಪಲಿ ಬುಡಿ. ಸುಣ್ಣ ತುಳ್ಕೊಂಡು ಬನ್ನಿ. ಹುಳಕ್ಕೆ ರೋಗ ಹತ್ಬುಟ್ರೆ ಕಷ್ಟ."

ಹೊಸಿಲಿನ ಉದ್ದಕ್ಕೂ ಸುಣ್ಣದ ಪುಡಿ ಹರಡಿತ್ತು. ಛೇ, ಚಾಕಿ ಸೆಂಟರಿನಲ್ಲಿ ಕೆಲಸ ಮಾಡುವವಳಿಗೆ ಇದನ್ನು ಬೇರೆಯವರು ಹೇಳಿಕೊಡಬೇಕೇ? ಮೊಟ್ಟೆಯೊಡೆದ ಹುಳುವನ್ನು ಎರಡನೇ ಜ್ವರದವರೆಗೆ ಸಾಕಿ, ರೈತರ ಮನೆಗೆ ಮುಟ್ಟಿಸಿ, ಬೆಳೆ ಮುಗಿಯುವ ತನಕ ಬಂದು ನೋಡಿಕೊಂಡು ಹೋಗುವುದೇ ಚನ್ನಪಟ್ಟಣದ ಈ ಹುಡುಗಿಯ ಕೆಲಸ. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಅಲುಗದೆ ಕೂರುತ್ತದಲ್ಲ, ಅದನ್ನು ಈ ಕಡೆಯವರು ಜ್ವರ ಅನ್ನುತ್ತಾರೆ.

ನಾಚಿಕೆಯಿಂದ ಚಪ್ಪಲಿ ಬಿಟ್ಟು ಸುಣ್ಣ ತುಳಿದಳು. ಅವನು ಒಂದು ಹೆಜ್ಜೆ ಬೆಳಕಿಗೆ ಬಂದ. ತೆಳ್ಳಗಿನ ಉದ್ದನೆಯ ಆಳು. ಬಲ ಹುಬ್ಬಿನ ನಡುವೆ ಹಳೆಯ ಗಾಯದ್ದೊಂದು ಸೀಳು. ತಟ್ಟೆ ತೆಗೆದುಕೊಂಡಾಗ ಮೇಲೆ ಹೊದಿಸಿದ್ದ ಕಾಗದ ಪರಪರ ಸದ್ದು ಮಾಡಿತು. ಅವನ ಕೈ ನಡುಗುತ್ತಿತ್ತು.

"ಒಂದೂ ಬಾಡಿಲ್ಲ. ಮಗೀನಂಗೆ ತಂದಿದ್ದೀರ," ಎಂದು ನಕ್ಕ.

ಅಯ್ಯೋ, ಆ ನಗು! ಇಷ್ಟು ಕತ್ತಲಲ್ಲಿ ನಿಂತವನಿಗೆ ಇಂಥ ನಗು ಹೇಗೆ ಬಂತು ಎಂದುಕೊಂಡಳು ಸುಮನಾ.

"ಮೇಡಂ... ಮನೇಲಿ ನನ್ನ ನೋಡ್ದೆ ಅಂತ ಹೇಳ್ಬ್ಯಾಡಿ."

"ಯಾಕೆ?"

"ಹೇಳಿದ್ರೂ ಒಪ್ಪಾಕಿಲ್ಲ."

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಅವಳ ಕಣ್ಣು ಹೊಸಿಲಿನ ಮೇಲೆ ಬಿತ್ತು. ಸುಣ್ಣದ ಪುಡಿಯ ಮೇಲೆ ಅವಳದೇ ಹೆಜ್ಜೆ, ಹೋದದ್ದು, ಬಂದದ್ದು. ಬೇರೆ ಯಾರ ಹೆಜ್ಜೆಯೂ ಇರಲಿಲ್ಲ.

*

ಅಷ್ಟರಲ್ಲಿ ಮನೆಯವರು ತೋಟದಿಂದ ಬಂದಿದ್ದರು. ಯಜಮಾನ ಚಿಕ್ಕಹನುಮಯ್ಯ ಸೊಪ್ಪಿನ ಹೊರೆ ಇಳಿಸುತ್ತಿದ್ದರು. ಅವರ ಹೆಂಡತಿ ವರಲಕ್ಷ್ಮಮ್ಮ, "ಬಿಸಿಲಾಗೆ ಬಂದಿದ್ದೀಯ, ಒಸಿ ಮಜ್ಜಿಗೆ ಕುಡಿಯವ್ವ," ಎಂದು ಒಳಗೆ ಕರೆದು ಲೋಟ ಕೊಟ್ಟರು.

ಸುಮನಾ ಲೋಟ ಎತ್ತಿದಳು. ಎದುರಿನ ಗೋಡೆಯಲ್ಲಿ ಹಿರಿಯರ ಫೋಟೊಗಳು ಸಾಲಾಗಿದ್ದವು. ಅಜ್ಜ, ಅಜ್ಜಿ... ಕೊನೆಯದು ಒಬ್ಬ ಹುಡುಗನದು. ಗಾಜಿನ ಮೇಲೆ ಕುಂಕುಮ, ಕೊರಳಿಗೆ ಗಂಧದ ಹಾರ.

ಬಲ ಹುಬ್ಬಿನ ನಡುವೆ ಒಂದು ಸೀಳು.

ಮಜ್ಜಿಗೆ ಸೀರೆಯ ಮೇಲೆಲ್ಲ ಚೆಲ್ಲಿತು.

"ಅ... ಅದು ಯಾರಮ್ಮಾ?"

"ನನ್ ಮಗ. ನರೇಂದ್ರ," ಎಂದರು ವರಲಕ್ಷ್ಮಮ್ಮ. ಅಷ್ಟು ಹೇಳಿ ಮುಖ ತಿರುಗಿಸಿಕೊಂಡರು.

ಜಗುಲಿಯಿಂದ ಚಿಕ್ಕಹನುಮಯ್ಯನವರ ದನಿ ಬಂತು. "ಸತ್ತೋದ. ಅರ್ಕಾವತಿಯಾಗೆ ಎಳ್ಳುನೀರು ಬುಟ್ಟು ಬಂದಾಯ್ತು. ಅವನ ಸುದ್ದಿ ಈ ಮನೇಲಿ ಎತ್ತಂಗಿಲ್ಲ."

ಸುಮನಾ ಸ್ಕೂಟರ್ ಹೇಗೆ ಹತ್ತಿದಳೋ, ಹೆದ್ದಾರಿ ಯಾವಾಗ ಸೇರಿದಳೋ, ದೇವರೇ ಬಲ್ಲ. ಮನೆಯಲ್ಲಿ ಅವಳಮ್ಮ ಮುಖ ನೋಡಿದವರೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಚಟಪಟ ಸಿಡಿಯಿತು. ಆದರೂ ಕಣ್ಣು ಮುಚ್ಚಿದರೆ ಅದೇ ನಗು!

*

ಮೂರನೇ ಜ್ವರದ ಹೊತ್ತಿಗೆ ಮತ್ತೆ ಹೋಗಲೇಬೇಕಿತ್ತು. ಬೇರೆಯವರನ್ನು ಕಳಿಸಿ ಅಂತ ಸೆಂಟರಿನಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಭಯಕ್ಕಿಂತ ಬಲವಾದದ್ದು ಏನೋ ಇತ್ತು ನೋಡಿ, ಹುಡುಗಿ ಅದಕ್ಕೆ ಹೆಸರಿಡದೆ ಸ್ಕೂಟರ್ ಹತ್ತಿದಳು.

ಈ ಸಲ ಚಿಕ್ಕಹನುಮಯ್ಯನವರೇ ಜೊತೆಗೆ ಹುಳು ಮನೆಗೆ ಬಂದರು. ಸುಣ್ಣ ತುಳಿದು ಒಳಗೆ ಕಾಲಿಟ್ಟಳು.

ಅವನು ಅಲ್ಲೇ ಇದ್ದ! ಸೊಪ್ಪಿನ ಬುಟ್ಟಿಯ ಪಕ್ಕ, ದಾರಿಗೆ ಅಡ್ಡವಾಗಿ ನಿಂತಿದ್ದ.

ಸುಮನಾ ಉಸಿರು ಹಿಡಿದಳು. ಚಿಕ್ಕಹನುಮಯ್ಯ ನೇರ ಅವನತ್ತ ನಡೆದರು. ಹತ್ತಿರ ಹೋಗಿ, ಕಂಬವಿದ್ದರೆ ಸುತ್ತಿಕೊಂಡು ಹೋಗುತ್ತೇವಲ್ಲ ಹಾಗೆ, ಅವನನ್ನು ಸುತ್ತಿಕೊಂಡು ಮುಂದೆ ಹೋದರು. ರೆಪ್ಪೆ ಕೂಡ ಮಿಟುಕಲಿಲ್ಲ. ಅವನ ಕೈಗೆ ಒರಗಿದ್ದ ಬುಟ್ಟಿಯನ್ನು ಎಳೆದುಕೊಂಡರು.

"ಅಪ್ಪಾ, ಆ ಮೂಲೇಲಿ ಸೊಪ್ಪು ಒಣಗೈತೆ," ಎಂದ ಅವನು ಮೆಲ್ಲಗೆ.

ಒಂದು ಗಳಿಗೆ ಬಿಟ್ಟು ಚಿಕ್ಕಹನುಮಯ್ಯ ಸುಮನಾಳ ಕಡೆ ತಿರುಗಿದರು. "ಆ ಮೂಲೇಲಿ ಸೊಪ್ಪು ಒಣಗ್ದಂಗೈತೆ, ಅಲ್ವೇನವ್ವಾ?"

ಅವಳ ಮೈಯೆಲ್ಲ ಮುಳ್ಳೆದ್ದಿತು.

"ಯಜಮಾನ್ರೇ... ಇಲ್ಲಿ ಬೇರೆ ಯಾರಾದ್ರೂ ಇದ್ದಾರಾ?"

"ನಾನು, ನೀನು. ಇನ್ಯಾರವ್ರೆ?"

ಹೇಳಿದವರು ಒಣಗಿದ ಸೊಪ್ಪು ಬಾಚಿಕೊಂಡು ಹೊರಗೆ ಹೊರಟೇಹೋದರು.

*ನನಗೆ ಮಾತ್ರ ಕಾಣ್ತಿದ್ದಾನಾ? ನನಗೆ ತಲೆ ಕೆಟ್ಟಿದೆಯಾ?*

"ಓಡೋಗ್ಬ್ಯಾಡಿ," ಎಂದ ಅವನು. "ನಿಮಗೆ ನಾನು ಕಾಣ್ತೀನಿ ಅಲ್ವಾ? ಅಷ್ಟು ಹೇಳ್ಬುಟ್ಟು ಹೋಗಿ, ಸಾಕು."

ಆ ಮಾತಿನಲ್ಲಿ ಎಂಥ ಹಸಿವಿತ್ತೋ... ಅವಳು ಓಡಲಿಲ್ಲ. ಬೆರಳು ಮುಂದೆ ಚಾಚಿ ಅವನ ಮುಂಗೈ ಮುಟ್ಟಿದಳು. ಬಿಸಿ! ಚರ್ಮದ ಕೆಳಗೆ ನಾಡಿ ಹೊಡೆದುಕೊಳ್ಳುತ್ತಿತ್ತು.

ಸಮಾಧಾನದಿಂದ ಕಣ್ಣಲ್ಲಿ ನೀರೇ ಬಂತು. ಮರುಗಳಿಗೆಗೆ ಅವನ ಉಸಿರು ಮೂಗಿಗೆ ಬಡಿಯಿತು. ಬೆಂಕಿ ಮುಟ್ಟಿದವಳಂತೆ ಕೈ ಕಿತ್ತುಕೊಂಡಳು.

ಈ ವಾಸನೆ ಅವಳಿಗೆ ಹೊಸದಲ್ಲ. ಅವಳಪ್ಪ ಅನಂತರಾಜು ಇದೇ ವಾಸನೆಯಲ್ಲಿ ಬದುಕಿ ಇದೇ ವಾಸನೆಯಲ್ಲಿ ಸತ್ತಿದ್ದರು. 'ಜನ ಏನಂತಾರೋ' ಎಂದು ಆಸ್ಪತ್ರೆಗೂ ತೋರಿಸದೆ ಮನೆಯೊಳಗೇ ಮುಚ್ಚಿಟ್ಟು, ಅವರು ಹಳದಿಯಾಗಿ ಹೋಗುವವರೆಗೆ ತಾಯಿ ಮಗಳು ಕಾದಿದ್ದರು.

"ಕುಡಿದಿದ್ದೀರಾ?"

ಅವನು ತಲೆ ತಗ್ಗಿಸಿದ.

"ದೆವ್ವ ಅಂತ ಹೆದರಿ ಸಾಯ್ತಿದ್ದೆ ನಾನು! ಇದಕ್ಕಿಂತ ದೆವ್ವಾನೇ ಆಗಿದ್ರೆ ಚೆನ್ನಾಗಿತ್ತು!"

"ಆಗೇ ಇದ್ದೀನಲ್ಲ ಮೇಡಂ," ಎಂದು ಹೇಳಿಕೊಂಡ ನರೇಂದ್ರ. ತಂಗಿ ಪದ್ಮಶ್ರೀಯ ಧಾರೆಯ ದಿನ ಕಂಠಪೂರ್ತಿ ಕುಡಿದು ಬಂದಿದ್ದ. ಮಂಟಪದಲ್ಲೇ ಬಿದ್ದ, ಎಬ್ಬಿಸಲು ಬಂದ ಬೀಗರ ಕಪಾಳಕ್ಕೆ ಹೊಡೆದ. ಅಂದಿನಿಂದ ಬೀಗರು ಪದ್ಮಶ್ರೀಯನ್ನು ತವರಿಗೆ ಕಳಿಸಿಲ್ಲ. ಅಪ್ಪ ತಲೆ ಬೋಳಿಸಿಕೊಂಡು, ಬದುಕಿರುವ ಮಗನಿಗೆ ತಿಥಿ ಮಾಡಿ, ಎಳ್ಳುನೀರು ಬಿಟ್ಟು, ಫೋಟೊಗೆ ಹಾರ ಹಾಕಿದರು. ಎಲ್ಲೆಲ್ಲೋ ಅಲೆದು ಇವನು ವಾಪಸ್ ಬಂದಾಗ ಅಪ್ಪ ಬಯ್ಯಲಿಲ್ಲ, ಹೊಡೆಯಲಿಲ್ಲ, ಓಡಿಸಲಿಲ್ಲ. ಇವನು ಇದ್ದಾನೆ ಅನ್ನುವುದನ್ನೇ ನೋಡಲಿಲ್ಲ.

"ಮನೆ ಹೊಸಿಲು ನಾನು ತುಳಿಯಾಕಿಲ್ಲ. ಹಿಂದಿನ ಬಾಗ್ಲಾಗೆ ಇಲ್ಗೆ ಬತ್ತೀನಿ, ಹುಳ ನೋಡ್ಕೋತೀನಿ. ಸತ್ತವ್ನು ಕುಡಿದ್ರೆ ಯಾರಿಗೇನ್ ಮೇಡಂ?"

ಸುಮನಾ ಹಿಂದಿನ ಬಾಗಿಲಿಂದಲೇ ದಡದಡ ಹೊರಟಳು. ಅಲ್ಲಿ ಕಂಡದ್ದನ್ನು ನೋಡಿ ಮತ್ತೆ ನಿಂತಳು.

ವರಲಕ್ಷ್ಮಮ್ಮ ಕಲ್ಲು ಚಪ್ಪಡಿಯ ಮೇಲೆ ಬಾಳೆಲೆ ಹಾಕಿ ಮುದ್ದೆ, ಸೊಪ್ಪಿನ ಸಾರು ಇಡುತ್ತಿದ್ದರು. ಪಕ್ಕದಲ್ಲಿ ಒಂದು ಊದುಬತ್ತಿ. ಊದುಬತ್ತಿಯ ಪಕ್ಕದಲ್ಲಿ ಒಂದು ಕ್ವಾರ್ಟರ್ ಬಾಟಲಿ!

"ಏನ್ ಮಾಡ್ತಾ ಇದ್ದೀಯೇ ಅಲ್ಲಿ?" ಜಗುಲಿಯಿಂದ ಗಂಡನ ಕೂಗು.

"ಎಡೆ ಇಡ್ತಾ ಇವ್ನಿ," ಎಂದು ಕೂಗಿ ಹೇಳಿದರು ಆಕೆ.

ಸುಮನಾಳಿಗೆ ಈಗ ಎಲ್ಲ ತಿಳಿಯಿತು. ಈ ಸೀಮೆಯಲ್ಲಿ ತೀರಿಕೊಂಡವರಿಗೆ ಎಡೆ ಇಡುವಾಗ ಅವರಿಗೆ ಇಷ್ಟವಾದದ್ದನ್ನೆಲ್ಲ ಇಡುತ್ತಾರೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಬ್ರಾಂದಿ. ಸತ್ತ ಮಗನಿಗೆ ಎಡೆ ಇಡಬೇಡ ಅನ್ನಲು ಯಾವ ಗಂಡನಿಗೆ ಬಾಯಿ ಬರುತ್ತದೆ?

"ಅಮ್ಮಾ! ಅವರು ಬದುಕಿದ್ದಾರೆ! ನೀವೇ ಕೈಯಾರೆ..."

"ಗೊತ್ತು ಕಣವ್ವ!" ವರಲಕ್ಷ್ಮಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು. "ನಮ್ಗೇನು ಬಿಡಿಸ್ಬೇಕು ಅಂತ ಇಲ್ವಾ? ಹಿಂದೆ ಒಂದ್ಸಲ ರೂಮ್ನಾಗೆ ಕೂಡಾಕಿದ್ವಿ. ನಡುಗಿ ನಡುಗಿ ಫಿಟ್ಸ್ ಬಂದು ನಾಲಗೆ ಕಚ್ಕೊಂಬುಟ್ಟ. ಕುಡಿದ್ರೆ ನಿಧಾನಕ್ಕೆ ಹೋಯ್ತಾನೆ, ಕುಡೀದಿದ್ರೆ ಈಗ್ಲೇ ಹೋಯ್ತಾನೆ. ಹೆತ್ತವಳು ಏನ್ ಮಾಡ್ಲಿ ಹೇಳು?"

ನೀವೇ ಹೇಳಿ, ಏನು ಮಾಡಬೇಕಿತ್ತು? ಅಪ್ಪ ಮಗನನ್ನು ಸಾಯಿಸಿ ಕೂತಿದ್ದ. ಅಮ್ಮ ಸತ್ತ ಮಗನಿಗೆ ದಿನವೂ ವಿಷ ಉಣ್ಣಿಸುತ್ತಿದ್ದಳು. ಇಬ್ಬರಿಗೂ ಅವನೆಂದರೆ ಪ್ರಾಣ. ಇದಕ್ಕಿಂತ ಹೆದರಿಕೆಯ ದೆವ್ವದ ಮನೆ ನಾನಂತೂ ಕಂಡಿಲ್ಲ.

*

ಇನ್ನು ಬರಬಾರದು ಎಂದುಕೊಂಡ ಸುಮನಾ ಮತ್ತೆ ಬಂದಳು. ಕೆಲಸ ಕರೆದಾಗಲೂ ಬಂದಳು, ಕರೆಯದಿದ್ದಾಗಲೂ ಬಂದಳು.

ಹುಳು ಮನೆಯ ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಕೂರುತ್ತಿದ್ದರು. ಬೆಳಗಿನ ಪಾಲು ಕುಡಿದು ಕೈ ನಡುಕ ನಿಂತ ಹೊತ್ತಿನಲ್ಲಿ ನರೇಂದ್ರ ಎಷ್ಟು ಚೆಂದ ಮಾತಾಡುತ್ತಿದ್ದ! ಅವಳ ಸ್ಕೂಟರಿನ ಸದ್ದು ಕೂಟಗಲ್ ಕಡೆಯ ತಿರುವಿನಿಂದಲೇ ಗುರುತು ಹಿಡಿಯುತ್ತೇನೆ ಅನ್ನುತ್ತಿದ್ದ. "ನಿಮ್ ಗಾಡಿ ಸೈಲೆನ್ಸರ್ ಸತ್ತವ್ರನ್ನೂ ಎಬ್ಬಿಸ್ತದೆ ಮೇಡಂ," ಎಂದು ರೇಗಿಸುತ್ತಿದ್ದ. ಅವಳು ನಕ್ಕು, ನಕ್ಕದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ನಾಲ್ಕನೇ ಜ್ವರ. ಹುಳುಗಳೆಲ್ಲ ತಲೆ ಎತ್ತಿಕೊಂಡು ಅಲುಗದೆ ಕೂತಿದ್ದವು. ಸಾವಿರಾರು ಜೀವ ಇರುವ ಆ ಮನೆಯಲ್ಲಿ ಒಂದು ಸದ್ದಿಲ್ಲ. ಆ ನಿಶ್ಶಬ್ದಕ್ಕೆ ಸುಮನಾ ಪಿಸುಗುಟ್ಟಿಯೇ ಮಾತಾಡಿದಳು.

"ಈಗ ಸೊಪ್ಪು ಹಾಕಿದ್ರೆ?"

"ಕೆಡ್ತವೆ."

"ಕೈಹಾಕಿ ಅಲುಗಾಡಿಸಿದ್ರೆ?"

"ಅದೂ ತಪ್ಪು. ನಿಮಗೆ ಗೊತ್ತಿಲ್ವಾ ಮೇಡಂ?"

"ಹಾಗಾದ್ರೆ ಬಾಗಿಲು ಹಾಕ್ಕೊಂಡು ಹೋಗ್ಬಿಡ್ತೀರಾ?"

"ಹೆಂಗ್ ಹೋಗಾದು? ಗಾಳಿ, ತಂಪು ನೋಡ್ಕೊಂಡು ಹತ್ರದಾಗೇ ಇರ್ಬೇಕು. ಅವೇ ಏಳ್ತವೆ."

"ನಿಮ್ಮ ಮನೇಲಿ ಹುಳಕ್ಕೆ ಗೊತ್ತಿರೋದನ್ನ ಮಗನಿಗೆ ಯಾರೂ ಮಾಡ್ಲಿಲ್ಲ," ಎಂದಳು ಸುಮನಾ. "ನಡೀರಿ, ರಾಮನಗರದ ಆಸ್ಪತ್ರೆಗೆ ಹೋಗೋಣ. ಇದಕ್ಕೆ ಔಷಧಿ ಇದೆಯಂತೆ."

ಅವನು ಬಾಗಿಲ ಒದ್ದೆ ಗೋಣಿತಾಟನ್ನು ಸರಿಮಾಡಿದ.

"ಅಪ್ಪ ಒಂದೇ ಒಂದ್ಸಲ ಹೆಸರಿಡಿದು ಕೂಗ್ಲಿ. ಆಮ್ಯಾಕೆ ಎಲ್ಲಿಗ್ ಕರೆದ್ರೂ ಬತ್ತೀನಿ. ಅಲ್ಲೀಗಂಟ ಆಸ್ಪತ್ರೇಲಿ ಯಾರ್ ಹೆಸ್ರು ಬರೆಸ್ಲಿ? ಗೋಡೆ ಮ್ಯಾಗೆ ಹಾರ ಹಾಕ್ಕೊಂಡಿರೋನ್ದಾ?"

"ನಾನು ಕೂಗಿದ್ರೆ ಸಾಲಲ್ವಾ?" ಬಾಯಿ ಜಾರಿತ್ತು. ಜಾರಿದ ಮೇಲೆ ಹಿಂದೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. "ನರೇಂದ್ರ..."

ಅವನ ಗಲ್ಲದ ಮೇಲೆ ನೀರು ಇಳಿಯಿತು. ಒರೆಸಿಕೊಳ್ಳಲೂ ಇಲ್ಲ.

ಸುಮನಾ ಎದ್ದು ನಿಂತಳು. "ಕುಡುಕನ ಮನೆ ಸೇರಲ್ಲ ಅಂತ ಅಮ್ಮನ ಮೇಲೆ ಆಣೆ ಮಾಡಿದ್ದೀನಿ. ಆಣೆ ಮುರಿಯೋಕೆ ನನ್ನಿಂದಾಗಲ್ಲ. ನಿಮ್ಮನ್ನ ಬಿಟ್ಟಿರೋಕೂ ಆಗ್ತಿಲ್ಲ. ಬಾಟಲಿ ಬಿಟ್ಟ ದಿನ ಬಂದು ನನ್ನ ಕೇಳಿ!"

ಹೇಳಿ ಓಡಿದಳು. ಪ್ರೀತಿಯಿಂದಲೇ ಹೇಳಿದ್ದಳು ಪಾಪ. ಆ ಮಾತು ಅವನ ಪ್ರಾಣಕ್ಕೇ ಬರುತ್ತದೆ ಎಂದು ಅವಳಿಗೇನು ಗೊತ್ತು?

*

ಮಹಾಲಯ ಅಮಾವಾಸ್ಯೆಯ ದಿನ. ಮೇವು ಮುಗಿಸಿ ಹಣ್ಣಾದ ಹುಳುಗಳನ್ನು ಚಂದ್ರಿಕೆ ಅನ್ನುವ ಬಿದಿರಿನ ತಟ್ಟೆಗೆ ಬಿಟ್ಟಾಗಿತ್ತು. ಚಪ್ಪರದ ಕೆಳಗೆ ಅವು ಗೂಡು ಕಟ್ಟುತ್ತಿದ್ದವು. ಮಧ್ಯಾಹ್ನ ಕಳೆದ ಮೇಲೆ ಸುಮನಾಳ ಫೋನ್ ಹೊಡೆದುಕೊಂಡಿತು.

"ಎಡೆ ಮುಟ್ಟಿಲ್ಲ ಕಣವ್ವಾ!" ವರಲಕ್ಷ್ಮಮ್ಮನ ಗಾಬರಿಯ ದನಿ. "ನೆನ್ನೇದೂ ಹಂಗೇ ಐತೆ, ಮೊನ್ನೇದೂ ಹಂಗೇ ಐತೆ. ಬಾಟ್ಲೂ ಮುಟ್ಟಿಲ್ಲ! ಕೂಗಿದ್ರೆ ಓಗೊಡಾಕಿಲ್ಲ, ತಂತಾನೇ ಮಾತಾಡ್ಕೋತಾನೆ..."

ಸುಮನಾ ಸ್ಕೂಟರಿನ ಕೀಲಿ ಕೈಗೆತ್ತಿಕೊಂಡಳು. *ಬಿಟ್ಟುಬಿಟ್ಟಿದ್ದಾನೆ. ನಾನು ಹೇಳಿದೆ ಅಂತ, ಒಬ್ಬನೇ, ಒಂದೇ ಸಲಕ್ಕೆ... ಹಿಂದೆ ಫಿಟ್ಸ್ ಬಂದಿತ್ತು ಅಂದಿದ್ದರಲ್ಲ!*

ಅವಳು ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಹುಳು ಮನೆಯಲ್ಲಿ ಅವನಿಲ್ಲ! ಇತ್ತ ಮನೆಯಲ್ಲಿ ಹಿರಿಯರ ಎಡೆ ಇಟ್ಟು ಮುಂಬಾಗಿಲು ಮುಚ್ಚಿದ್ದರು. ಒಂದೊಂದು ಫೋಟೊದ ಮುಂದೆ ಒಂದೊಂದು ಎಲೆ, ಕೋಳಿ ಸಾರು, ಕಜ್ಜಾಯ, ಹೊಸ ಬಟ್ಟೆ. ಹಿರಿಯರು ಬಂದು ಉಂಡು ಹೋಗುವವರೆಗೆ ಮನೆಯವರು ಹೊರಗೇ ಕಾಯಬೇಕು. ಬಾಗಿಲು ತೆಗೆಯುವಂತಿಲ್ಲ. ಚಿಕ್ಕಹನುಮಯ್ಯ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದರು. ಗೂಡು ಮಾರುಕಟ್ಟೆಗೆ ಸಾಗಿಸುವ ನಿಯಾಜ್, ಹದ ನೋಡಲು ಲಗೇಜ್ ಆಟೊದಲ್ಲಿ ಬಂದವನು, ಅವನೂ ದೂರದಲ್ಲಿ ನಿಂತಿದ್ದ.

ಠಣ್!

ಮುಚ್ಚಿದ ಮನೆಯೊಳಗೆ ಚೊಂಬು ಉರುಳಿದ ಸದ್ದು.

ಎಲ್ಲರ ಉಸಿರು ನಿಂತಿತು. "ಬಂದವ್ರೆ," ಎಂದು ಚಿಕ್ಕಹನುಮಯ್ಯ ಕೈಮುಗಿದರು.

ಒಳಗಿಂದ ಮಾತು ಕೇಳಿಸಿತು. ಒಂದೇ ದನಿ. ಯಾರಿಗೋ ಉತ್ತರ ಕೊಡುವ ಹಾಗೆ, ನಡುನಡುವೆ ನಿಲ್ಲಿಸಿ... "ಹೂಂ ತಾತಾ... ಒಸಿ ಸರ್ಕೊಳ್ಳಿ... ನಂದೂ ಎಲೆ ಹಾಕವ್ರೆ..."

"ಬಾಗಿಲು ತೆಗೀರಿ!" ಸುಮನಾ ಕಿರುಚಿದಳು.

"ತೆಗೀಬಾರ್ದು! ಅವ್ರು ಉಣ್ಣೋವಾಗ ತೆಗೆದ್ರೆ ಮನೆಗೆ ಕೇಡು!"

"ಒಳಗಿರೋದು ನಿಮ್ಮ ಮಗ!"

"ನನ್ ಮಗ ಸತ್ತವ್ನೆ!"

ಧೊಪ್ಪನೆ ಏನೋ ಬಿತ್ತು. ಆಮೇಲೆ ಟಕ್, ಟಕ್, ಟಕ್, ಟಕ್... ನೆಲಕ್ಕೆ ಹಿಮ್ಮಡಿ ಬಡಿಯುವ ಸದ್ದು.

"ಅಯ್ಯೋ, ಫಿಟ್ಸು! ಅವತ್ತೂ ಹಿಂಗೇ ಸದ್ದಾಗಿತ್ತು!" ವರಲಕ್ಷ್ಮಮ್ಮ ಎದೆ ಬಡಿದುಕೊಂಡು ಗಂಡನ ಮುಂದೆ ನಿಂತರು. ಮದುವೆಯಾದಾಗಿನಿಂದ ಎದುರಾಡದವರು ಅವತ್ತು ಅವರ ಅಂಗಿ ಹಿಡಿದು ಜಗ್ಗಿದರು. "ನೀನ್ ಸಾಯಿಸ್ದೆ, ನಾನ್ ಎಡೆ ಇಟ್ಟೆ. ಸಾಕು ಕಣಯ್ಯಾ! ಕೂಗು ಅವನ್ನ!"

ಚಿಕ್ಕಹನುಮಯ್ಯನವರ ತುಟಿ ಅದುರಿತು. ಅಷ್ಟು ಕಾಲ ನುಂಗಿಕೊಂಡಿದ್ದ ಹೆಸರು ಗಂಟಲು ಹರಿದುಕೊಂಡು ಬಂತು.

"ನರೇಂದ್ರಾ...! ಲೇ ಮಗಾ...!"

ಭುಜ ಕೊಟ್ಟು ಬಾಗಿಲು ತಳ್ಳಿದರು.

ಹಿತ್ತಲ ಬಾಗಿಲು ತೆರೆದಿತ್ತು. ತನ್ನದೇ ಫೋಟೊದ ಮುಂದೆ, ತನ್ನ ಎಲೆಯ ಪಕ್ಕ ಬಿದ್ದು ಅವನು ಒದ್ದಾಡುತ್ತಿದ್ದ. ಎಲೆಯ ತುದಿಯಲ್ಲಿ ಬಾಟಲಿ ಸೀಲು ಒಡೆಯದೆ ನಿಂತಿತ್ತು. ಸುಮನಾ ಅವನನ್ನು ಪಕ್ಕಕ್ಕೆ ಹೊರಳಿಸಿ ತಲೆಯ ಕೆಳಗೆ ತನ್ನ ಸೆರಗು ಮಡಿಚಿಟ್ಟಳು. ಚಿಕ್ಕಹನುಮಯ್ಯ ಮಗನ ಕಾಲು ತಬ್ಬಿಕೊಂಡು ಅದೊಂದೇ ಹೆಸರನ್ನು ಕೂಗುತ್ತಲೇ ಇದ್ದರು. ಒದ್ದಾಟ ನಿಂತ ಕೂಡಲೇ ಎಲ್ಲರೂ ಸೇರಿ ಎತ್ತಿ ನಿಯಾಜನ ಆಟೊಗೆ ಹಾಕಿಕೊಂಡರು. ರಾಮನಗರ ತಲುಪುವವರೆಗೂ ಅಪ್ಪನ ಕೂಗು ನಿಲ್ಲಲಿಲ್ಲ.

*

"ಇಷ್ಟು ಕುಡೀತಿದ್ದವರು ಒಮ್ಮೆಲೇ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ," ಎಂದು ಡಾಕ್ಟರು ಎಲ್ಲರನ್ನೂ ಬೈದರು. "ಆಸ್ಪತ್ರೇಲಿಟ್ಟು ಔಷಧಿ ಕೊಟ್ಟು ಬಿಡಿಸಬೇಕು. ಸಕಾಲಕ್ಕೆ ತಂದಿದ್ದೀರಿ, ಉಳಿದಿದ್ದಾರೆ."

ಸುಮನಾ ಗೋಡೆಗೊರಗಿ ಬಿಕ್ಕಿದಳು. "ಬಿಟ್ಟು ಬನ್ನಿ ಅಂದಿದ್ದು ನಾನೇ..."

ನರೇಂದ್ರನಿಗೆ ಎಚ್ಚರವಾದಾಗ ಅಪ್ಪ ಪಕ್ಕದಲ್ಲಿ ಕೂತಿದ್ದರು. ಅವನು ಕಣ್ಣು ಬಿಟ್ಟು, ತಿರುಗಿ, ಹೆದರಿ ಹೆದರಿ ಕೇಳಿದ. "ಅಪ್ಪಾ... ಕಾಣ್ತೀನಾ?"

"ಕಾಣ್ತೀಯ ಕಣ್ಲಾ," ಎಂದರು ಚಿಕ್ಕಹನುಮಯ್ಯ. "ಯಾವತ್ತೂ ಕಾಣ್ತಿದ್ದೆ."

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡಿರಾ? ಅಷ್ಟು ಸುಲಭವಾಗಿದ್ದರೆ ಯಾವ ಮನೆಯಲ್ಲೂ ಕಣ್ಣೀರಿರುತ್ತಿರಲಿಲ್ಲ.

ಆಸ್ಪತ್ರೆಯಿಂದ ಅವನು ವ್ಯಸನ ಬಿಡಿಸುವ ಕೇಂದ್ರಕ್ಕೆ ಹೋದ. ಅಲ್ಲಿ ಆಪ್ತಸಲಹೆ ಕೊಡುವ ಪ್ರತಿಮಾ ಮೇಡಂ ಅಪ್ಪ ಅಮ್ಮನನ್ನೂ ಕರೆಸಿದರು.

"ಕುಡಿದವ್ನು ಅವ್ನು. ನಾವ್ಯಾಕೆ ಬಂದು ಕೂರ್ಬೇಕು?" ಎಂದು ಸಿಡುಕಿದರು ಚಿಕ್ಕಹನುಮಯ್ಯ.

"ಇಲ್ಲಿಂದ ಅವರು ಬರೋದು ನಿಮ್ಮ ಮನೆಗೇ ಅಲ್ವಾ ಯಜಮಾನ್ರೇ? ಫೋಟೊಗೆ ಹಾರ ಇರೋ ಮನೇಗೆ ಯಾವ ಮಗ ಬರ್ತಾನೆ?"

ಗಂಡ ಹೆಂಡತಿ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡಿದ್ದು ಅಲ್ಲೇ. "ಬಾಟ್ಲು ಇಡ್ತಿದ್ದೆ, ತಪ್ಪಾಯ್ತು," ಎಂದರು ಆಕೆ. "ನೋಡ್ದಂಗಿದ್ದೆ, ನಂದೂ ತಪ್ಪೇ," ಎಂದರು ಅವರು. ಪದ್ಮಶ್ರೀ ಫೋನಿನಲ್ಲೇ ಅಣ್ಣನ ಮೇಲೆ ಹೊಟ್ಟೆ ತುಂಬ ಕೂಗಾಡಿದಳು, ಕೊನೆಗೆ ಅತ್ತಳು. ಅದೂ ಆಗಬೇಕಿತ್ತು, ಆಯಿತು.

ಮನೆಗೆ ಬಂದ ಮೇಲೆ ಒಂದು ಸಂತೆಯ ದಿನ ನರೇಂದ್ರ ಮತ್ತೆ ಎಡವಿದ. ಕುಡಿದು ಬಂದು ಹುಳು ಮನೆಯ ಹಿಂದೆ ಮುಖ ಮುಚ್ಚಿಕೊಂಡು ಕೂತ. ಈ ಸಲ ಅಮ್ಮ ಎಲೆ ಹಾಕಲಿಲ್ಲ. ಅಪ್ಪ ಕಣ್ಣು ತಪ್ಪಿಸಲಿಲ್ಲ. ಟಿವಿಎಸ್ ತಂದು ಮುಂದೆ ನಿಲ್ಲಿಸಿ, "ಹತ್ಲಾ. ಡಾಕ್ಟ್ರತ್ರ ಹೋಗ್ ಬರಾನ," ಎಂದರು, ಅಷ್ಟೇ. ಮಗ ಅಪ್ಪನ ಬೆನ್ನಿಗೆ ಹಣೆ ಒತ್ತಿಕೊಂಡು ಕೂತ.

ಇಷ್ಟು ಕಾಲವೂ ಸುಮನಾ ಬರಲಿಲ್ಲ. ಫೋನೂ ಮಾಡಲಿಲ್ಲ. "ನನಗೋಸ್ಕರ ಬಿಡೋಕೆ ಹೋಗಿ ಸಾಯ್ತಿದ್ರು. ಅವರು ಅವರಿಗೋಸ್ಕರ ಬಿಡಲಿ," ಎಂದು ಪ್ರತಿಮಾ ಮೇಡಂಗೆ ಮಾತ್ರ ಹೇಳಿದ್ದಳು. ಅದು ನರೇಂದ್ರನಿಗೆ ಗೊತ್ತಿರಲಿಲ್ಲ. *ಫಿಟ್ಸ್ ನೋಡಿ ಹೇಸಿಕೊಂಡಳು,* ಎಂದುಕೊಂಡಿದ್ದ. ಆದರೂ ಸೈಲೆನ್ಸರ್ ಕೆಟ್ಟ ಯಾವ ಗಾಡಿ ಹೋದರೂ ಕಿವಿ ನಿಮಿರುತ್ತಿತ್ತು.

*

ಎಳ್ಳು ಬೆಲ್ಲದ ಹಬ್ಬ ಕಳೆದಿತ್ತು. ಮಟಮಟ ಮಧ್ಯಾಹ್ನ. ಮಣ್ಣು ದಾರಿಯಲ್ಲಿ ಸ್ಕೂಟರಿನ ಸದ್ದು.

ಸುಮನಾ ಚಾಕಿ ತಟ್ಟೆ ಹಿಡಿದು ಹುಳು ಮನೆಯ ಬಾಗಿಲ ಮುಂದೆ ನಿಂತಳು. ಸುಣ್ಣದ ಪುಡಿ ನೋಡಿದಳು. ಅದರ ಮೇಲೆ ದೊಡ್ಡ ದೊಡ್ಡ ಹೆಜ್ಜೆಗಳು! ಹೋದದ್ದು, ಬಂದದ್ದು, ಮತ್ತೆ ಹೋದದ್ದು...

"ಹೊಸಿಲು ದಾಟ್ಬ್ಯಾಡಿ," ಎಂದಿತು ಒಳಗಿನ ದನಿ.

"ಚಪ್ಪಲಿ ಬಿಟ್ಟಿದ್ದೀನಿ."

ಅವನು ಬೆಳಕಿಗೆ ಬಂದ. ಗಲ್ಲ ತುಂಬಿತ್ತು. ತಟ್ಟೆ ತೆಗೆದುಕೊಂಡ. ಕಾಗದ ಒಂದಿಷ್ಟೂ ಸದ್ದು ಮಾಡಲಿಲ್ಲ. ಸುಮನಾ ಅವನ ಕೈಯನ್ನೇ ನೋಡುತ್ತ ನಿಂತಳು, ಕಣ್ಣು ತುಂಬಿ ಬಂತು.

"ಬರಾಕಿಲ್ಲ ಅನ್ಕೊಂಡಿದ್ದೆ," ಎಂದ.

"ದಿನಾ ಬರ್ತಿದ್ದೆ. ಆ ತಿರುವಿನವರೆಗೂ ಬಂದು ವಾಪಸ್ ಹೋಗ್ತಿದ್ದೆ."

"ಗಾಡಿ ಸದ್ದು... ಅಂದ್ರೆ ಅದು ನನ್ನ ಭ್ರಮೆ ಆಗಿರ್ಲಿಲ್ವಾ?" ಎಂದು ನಕ್ಕ. ಅದೇ ನಗು. ಆಮೇಲೆ ಗಂಭೀರನಾದ. "ನಾನು ಸುಳ್ ಹೇಳಾಕಿಲ್ಲ ಸುಮನಾ. ಮಧ್ಯದಾಗೆ ಒಂದ್ಸಲ ಕುಡಿದೆ. ಇವತ್ತು ಕುಡಿದಿಲ್ಲ. ನಾಳೇದು ನಂಗೊತ್ತಿಲ್ಲ."

ಅವಳು ಕಣ್ಣೊರೆಸಿಕೊಂಡಳು. "ನಾಳೇದು ನಾಳೆ ಕೇಳ್ತೀನಿ. ನಾಡಿದ್ದು ಮತ್ತೆ ಕೇಳ್ತೀನಿ. ಬೇಜಾರಾಗ್ಬಾರ್ದು."

"ಮನೇಲಿ ಗ್ವಾಡೆ ನೋಡಿದ್ರಾ? ಆ ಫೋಟೊನ ಅಪ್ಪನೇ ಇಳಿಸ್ಬುಟ್ರು. ಕುಂಕುಮ ಒರೆಸಿದ್ರೂ ಗಾಜಿನ ಮ್ಯಾಗೆ ಕಲೆ ಹೋಗ್ಲಿಲ್ಲ, ಎಸೆದ್ರು. ಮೊಳೆ ಮಾತ್ರ ಐತೆ." ತಟ್ಟೆ ಕೆಳಗಿಟ್ಟು, ನೆಲ ನೋಡುತ್ತ ಹೇಳಿದ. "ಖಾಲಿ ಮೊಳೆ ಚಂದ ಕಾಣಾಕಿಲ್ಲ ಅಂತಾವ್ರೆ ಅವ್ವ. ಒಂದ್ ಹೊಸಾ ಫೋಟೊ ತೆಗೆಸ್ಬೇಕು. ನಂದೊಬ್ಬಂದೇ ಬ್ಯಾಡ... ಇಬ್ರುದೂ ಇರ್ಲಿ. ಬತ್ತೀಯಾ?"

ಬಹುವಚನ ಯಾವಾಗ ಏಕವಚನವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಸುಮನಾ ಅವನ ಮುಂಗೈ ಹಿಡಿದಳು. ಬಿಸಿ. ನಾಡಿ ಅವತ್ತಿನ ಹಾಗೇ ಹೊಡೆದುಕೊಳ್ಳುತ್ತಿತ್ತು. ಈ ಸಲ ಕೈ ಬಿಡಲಿಲ್ಲ.

"ನರೇಂದ್ರಾ! ಲೇ ನರೇಂದ್ರಾ!" ತೋಟದಿಂದ ಚಿಕ್ಕಹನುಮಯ್ಯನವರ ಕೂಗು.

"ಇದೇ ಗೋಳು ನೋಡು," ಎಂದು ಪಿಸುಗುಟ್ಟಿದ ಅವನು. "ಕುಡುಗೋಲು ಎಲ್ಲಿ ಅಂತ್ಲೂ ಕೂಗ್ತಾರೆ, ಕುಡುಗೋಲು ಸಿಕ್ತು ಅಂತ್ಲೂ ಕೂಗ್ತಾರೆ."

ಹೆಜ್ಜೆ ಸಪ್ಪಳ ಬಾಗಿಲ ಹತ್ತಿರ ಬಂದು ನಿಂತಿತು. "ಒಳಗ್ಯಾರವ್ರೆ?"

ನರೇಂದ್ರ ಬಾಯಿ ತೆರೆಯುವಷ್ಟರಲ್ಲಿ ಸುಮನಾ ಉತ್ತರ ಕೊಟ್ಟಳು.

"ನಾನು, ಇವರು. ಇನ್ಯಾರಿದ್ದಾರೆ ಮಾವ?"